ಆಫೀಸಿನ ಹೆಸರಿನಲ್ಲಿ ಬಂದ ಕಾಗದ

ಚಾಮರಾಜಪೇಟೆಯ ಹಳೆಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರು. ಅದರ ಜೊತೆಗೆ ಇನ್ನೊಂದು ಕೆಲಸವೂ ಹಲವು ವರ್ಷಗಳಿಂದ ನನ್ನ ಕೊರಳಿಗೆ ಬಿದ್ದಿದೆ. ಶಾಲೆಯ ಮೇಲ್ ಸರ್ವರನ್ನು ನೋಡಿಕೊಳ್ಳುವುದು. ನಮ್ಮ ಟ್ರಸ್ಟಿನ ಹಿಂದಿನ ಕಾರ್ಯದರ್ಶಿಗಳಿಗೆ ಶಾಲೆಯ ಹೆಸರಿನದೇ ಮೇಲ್ ವಿಳಾಸ ಬೇಕು ಎಂಬ ಹಟವಿತ್ತು. ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಕಂಪ್ಯೂಟರ್ ಕೊಟ್ಟಳು, ಅವಳ ಗಂಡ ಬಂದು ಎರಡು ಶನಿವಾರ ಕೂತು ಎಲ್ಲವನ್ನೂ ಜೋಡಿಸಿಕೊಟ್ಟರು. ಅದನ್ನು ಇಡಲು ಬೇರೆಲ್ಲೂ ಜಾಗವಿಲ್ಲದೆ ವಿಜ್ಞಾನದ ಲ್ಯಾಬಿನ ಮೂಲೆಯಲ್ಲಿ, ಗಾಜಿನ ಸಾಮಾನಿನ ಬೀರುವಿನ ಪಕ್ಕ ಇಟ್ಟರು. ಲ್ಯಾಬಿನಲ್ಲಿ ಇರುತ್ತಿದ್ದವಳು ನಾನು. ಅಷ್ಟೇ ನನ್ನ ಅರ್ಹತೆ.

ಕಲಿತೆ, ಓದಿ ಓದಿ ಕಲಿತೆ. ಇದು ಕೆಟ್ಟಾಗ ಮಾತ್ರ ಬೇರೆಯವರಿಗೆ ನೆನಪಾಗುವ ಕೆಲಸ. ಕೆಡದ ಹಾಗೆ ನೋಡಿಕೊಂಡಿದ್ದೆ ಎಂಬ ಸಣ್ಣ ಜಂಬ ನನಗಿತ್ತು. ಆ ಜಂಬ ಇಳಿದದ್ದು ಹೋದ ವರ್ಷ ಪರೀಕ್ಷೆಯ ತಿಂಗಳು ಹತ್ತಿರವಾಗುತ್ತಿದ್ದಾಗ.

ಇಲ್ಲಿ ನಮ್ಮ ಆಫೀಸಿನ ಗುಮಾಸ್ತರ ವಿಷಯ ಹೇಳಬೇಕು. ಪೇಟೆಯ ಹಳೆಯ ವ್ಯಾಪಾರದ ಮನೆತನದವರು, ಹಣೆಯ ಮೇಲೆ ತೆಳುವಾಗಿ ವಿಭೂತಿ, ಎರಡು ಪೆನ್ನು ಸಿಕ್ಕಿಸಿದ ಜೇಬು. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಸರ್ವಿಸ್ ಪುಸ್ತಕ ತೆರೆದವರು ಅವರೇ. ಶಾಲೆಯಿಂದ ಹೊರಗೆ ಹೋಗುವ ಪ್ರತಿ ಕಾಗದವನ್ನೂ ಅವರು ಔಟ್‌ವರ್ಡ್ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಕಾಗದ ಹೋಗಿ ಮೇಲ್ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಮೇಲ್ ಕಳಿಸುವ ಮೊದಲು ಕ್ರಮಸಂಖ್ಯೆ ಹಾಕಿ, ಯಾರಿಗೆ, ಯಾವ ವಿಷಯ ಎಂದು ಬರೆದು, ಆಮೇಲೆ ಬಟನ್ ಒತ್ತುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾವು ಇದನ್ನು ಹೇಳಿಕೊಂಡು ನಗುತ್ತಿದ್ದೆವು. ಅವರಿಗೂ ಗೊತ್ತಿತ್ತು, ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಹತ್ತನೇ ತರಗತಿಯ ಹುಡುಗಿಯರಿಗೆ ಪರೀಕ್ಷೆಗೆ ಮುಂಚೆ ಭಾನುವಾರ ಬೆಳಿಗ್ಗೆ ವಿಶೇಷ ತರಗತಿ ಇಡುವುದು ನಮ್ಮಲ್ಲಿ ರೂಢಿ. ಆ ಭಾನುವಾರದ ಸರದಿ ಗಣಿತ, ಇಂಗ್ಲಿಷ್, ಹಿಂದಿಯ ಮೂವರು ಮೇಡಂಗಳದು. ನನ್ನ ಸರದಿ ಮುಂದಿನ ವಾರ. ಬೆಳಿಗ್ಗೆ ಎಂಟೂವರೆಗೆ ಹುಡುಗಿಯರೆಲ್ಲ ಬಂದು ಕೂತರು. ಓಕಳಿಪುರಂನಿಂದ ಬಸ್ಸು ಬದಲಾಯಿಸಿಕೊಂಡು ಬರುವವರೂ ಇದ್ದರು. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಒಬ್ಬ ಟೀಚರೂ ಬರಲಿಲ್ಲ. ವಾಚ್‌ಮನ್ ಮುಖ್ಯೋಪಾಧ್ಯಾಯಿನಿಯವರಿಗೆ ಫೋನ್ ಮಾಡಿದ. ಅವರ ಮನೆ ಬಸವನಗುಡಿ. ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳುತ್ತಿದ್ದವರು ಚೀಲದ ಸಮೇತ ಆಟೋ ಹತ್ತಿ ಶಾಲೆಗೆ ಬಂದರು. ಸೊಪ್ಪಿನ ಕಟ್ಟುಗಳನ್ನು ಮೇಜಿನ ಮೇಲಿಟ್ಟು, ತಮ್ಮ ವಿಷಯವಾದ ಇತಿಹಾಸವನ್ನೇ ಹನ್ನೆರಡರವರೆಗೆ ಪಾಠ ಮಾಡಿದರು. ಗೇಟಿನ ಹತ್ತಿರ ಇಬ್ಬರು ಮೂವರು ತಂದೆತಾಯಿಯರು ಜೋರು ಮಾತಾಡಿದ್ದರಂತೆ. ಅದನ್ನೂ ಅವರೇ ಕೇಳಿಸಿಕೊಂಡರು.

ಸೋಮವಾರ ಬೆಳಿಗ್ಗೆ ಮೂವರು ಮೇಡಂಗಳನ್ನೂ ಕೋಣೆಗೆ ಕರೆಸಿದರು. ಹಾಜರಿ ಹಾಕಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಕ್ಲಾಸ್ ಇಲ್ಲ ಅಂತ ಆಫೀಸಿಂದ ಮೇಲ್ ಬಂತಲ್ಲ ಮೇಡಂ," ಎಂದರು ಗಣಿತದವರು. "ಶನಿವಾರ ಸಾಯಂಕಾಲ. ನಮ್ ಮೂರು ಜನಕ್ಕೂ ಬಂದಿದೆ."

ಫೋನ್ ತೆಗೆದು ತೋರಿಸಿದರು. ಒಂದೂವರೆ ಸಾಲಿನ ಮೇಲ್. 'ಭಾನುವಾರದ ತರಗತಿ ರದ್ದಾಗಿದೆ. ದಯವಿಟ್ಟು ಗಮನಿಸಿ.' ಕೆಳಗೆ 'ಕಚೇರಿ' ಎಂದಿತ್ತು. ಮೇಲೆ, ಕಳಿಸಿದವರ ಜಾಗದಲ್ಲಿ, ನಮ್ಮ ಶಾಲೆಯ ಆಫೀಸಿನ ವಿಳಾಸ.

ಗುಮಾಸ್ತರನ್ನು ಕರೆಸಿದರು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ನಾನ್ ಕಳಿಸಿಲ್ಲ ಮೇಡಂ."

"ನಿಮ್ ಅಡ್ರೆಸ್ಸಿಂದಾನೇ ಬಂದಿದೆಯಲ್ಲ?"

"ಬಂದಿರ್ಬೋದು. ನಾನ್ ಕಳಿಸಿಲ್ಲ. ಕಳಿಸಿದ್ರೆ ರಿಜಿಸ್ಟರ್‌ನಲ್ಲಿ ಇರ್ತಿತ್ತು. ನಿಮಗೊಂದು ಕಾಪಿ ಹಾಕ್ದೆ ನಾನು ಯಾವತ್ತಾದ್ರೂ ಏನಾದ್ರೂ ಕಳಿಸಿದೀನಾ?"

ಕಾಪಿ ಇಲ್ಲದಿರುವುದೇ ಮುಖ್ಯೋಪಾಧ್ಯಾಯಿನಿಯವರಿಗೆ ಇನ್ನಷ್ಟು ಸಿಟ್ಟು ತರಿಸಿತ್ತು. ತಮಗೆ ತಿಳಿಯದಂತೆ ನಡೆದಿದೆ ಎಂದು ಅವರು ತಿಳಿದಿದ್ದರು. ನನ್ನ ಕಡೆ ತಿರುಗಿದರು. "ಇದೆಲ್ಲ ನಿಮಗೆ ಗೊತ್ತಿರೋದು. ನೀವೇ ನೋಡಿ ಹೇಳಿ. ಬೇರೆ ಯಾರಾದ್ರೂ ನಮ್ಮ ಹೆಸರಲ್ಲಿ ಹೀಗೆ ಕಳ್ಸಕ್ಕಾಗತ್ತಾ?"

ನಾನು ಫೋನ್ ಇಸಿದುಕೊಂಡು ನೋಡಿದೆ. ವಿಳಾಸ ಅಕ್ಷರ ಅಕ್ಷರವೂ ಸರಿಯಾಗಿತ್ತು. ಹೊರಗಿನವರು ನಮ್ಮ ಶಾಲೆಯ ವಿಳಾಸ ಹಾಕಿಕೊಂಡು ಬಂದರೆ ಬಾಗಿಲಲ್ಲೇ ತಡೆಯುವ ವ್ಯವಸ್ಥೆಯನ್ನು ನಾನೇ ಮಾಡಿದ್ದೆ. ಆ ಧೈರ್ಯ ನನಗೆ. ಮೊದಲನೇ ಪೀರಿಯಡ್ಡಿನ ಬೆಲ್ಲೂ ಹೊಡೆದಿತ್ತು.

"ಆಗಲ್ಲ ಮೇಡಂ," ಎಂದೆ. "ಇದು ನಮ್ಮ ಆಫೀಸಿಂದೇ."

ಇಷ್ಟು ಹೇಳಿ ಕ್ಲಾಸಿಗೆ ಹೋದೆ. ಬಾಗಿಲು ದಾಟುವಾಗ ಗುಮಾಸ್ತರು ನನ್ನ ಮುಖ ನೋಡಿದ್ದು ಗೊತ್ತಾಯಿತು. ಆ ನೋಟದಲ್ಲಿ ಕೋಪವಿರಲಿಲ್ಲ. ಡಾಕ್ಟರು ಏನೋ ಹೇಳಿದಾಗ ರೋಗಿ ಅವರ ಮುಖ ನೋಡುತ್ತಾರಲ್ಲ, ಹಾಗಿತ್ತು. ಯಾಕೆ ಎಂದು ಆಗ ನನಗೆ ತಿಳಿಯಲಿಲ್ಲ.

ಮುಖ್ಯೋಪಾಧ್ಯಾಯಿನಿಯವರು ಅವರಿಂದ ಲಿಖಿತ ವಿವರಣೆ ಕೇಳಿದರು. ನಿವೃತ್ತಿಗೆ ಒಂದು ವರ್ಷವಿದ್ದ ಮನುಷ್ಯರಿಂದ, ಸರ್ವಿಸ್ಸಿನಲ್ಲಿ ಮೊದಲ ಸಲ. ಬುಧವಾರ ಅವರು ಕೊಟ್ಟ ಕಾಗದದಲ್ಲಿ ಮೂರೇ ಸಾಲು ಇತ್ತಂತೆ. ಸದರಿ ಮೇಲನ್ನು ತಾವು ಕಳಿಸಿದ ನೆನಪಿಲ್ಲ, ಆದರೂ ಆದ ತೊಂದರೆಗೆ ವಿಷಾದವಿದೆ, ಇನ್ನು ಮುಂದೆ ಮೇಲ್ ಕೆಲಸದಿಂದ ತಮ್ಮನ್ನು ಬಿಡಿಸಬೇಕು. ಇದನ್ನು ನನಗೆ ಹೇಳಿದ್ದು ಹಿಂದಿ ಮೇಡಂ. "ನೋಡಿ, ಸೋಮವಾರ ಕಳಿಸಿಲ್ಲ ಅಂದ್ರು, ಈಗ ನೆನಪಿಲ್ಲ ಅಂತಾರೆ," ಎಂದರು. ನನಗೂ ಹಾಗೇ ಅನ್ನಿಸಿತು. ವಯಸ್ಸಾಯಿತು ಪಾಪ, ಎಂದುಕೊಂಡೆ. ಆ ಪಾಪ ಎನ್ನುವುದರಲ್ಲಿ ನಾನು ಸರಿ ಎಂಬ ನೆಮ್ಮದಿಯೂ ಇತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಗುರುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಗಣಿತ ಮೇಡಂ ಡಬ್ಬಿಯಿಂದ ಬಿಸಿಬೇಳೆಬಾತ್ ಹಂಚುತ್ತಾ ತಮ್ಮ ಗೋಳು ಹೇಳಿಕೊಳ್ಳುತ್ತಿದ್ದರು. ಆ ಮೂವರೂ ಆಗ ಭಾನುವಾರ ಮಧ್ಯಾಹ್ನಗಳಲ್ಲಿ ಮಲ್ಲೇಶ್ವರದ ಒಂದು ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದರು. ಕಂಪ್ಯೂಟರ್ ಬಳಸಿ ಪಾಠ ಮಾಡುವುದು ಹೇಗೆ ಎಂಬ ನಾಲ್ಕು ವಾರದ ತರಬೇತಿ, ಶಾಲೆಯೇ ಕಳಿಸಿದ್ದು, ಅಲ್ಲಿಗೆ ಕೊಟ್ಟದ್ದೂ ಶಾಲೆಯ ಮೇಲ್ ವಿಳಾಸಗಳನ್ನೇ.

"ಹೋದ ಭಾನುವಾರ ನಮ್ ಗ್ರಹಚಾರ ಕೇಳ್ಬೇಡಿ. ಬೆಳಿಗ್ಗೆ ಕ್ಲಾಸ್ ಇಲ್ಲ ಅಂತ ಆರಾಮಾಗಿದ್ವಿ. ಮಧ್ಯಾಹ್ನ ಬಿಸಿಲಲ್ಲಿ ಮಲ್ಲೇಶ್ವರಕ್ಕೆ ಹೋದ್ರೆ ಬಾಗಿಲಿಗೆ ಬೀಗ! ಅಲ್ಲಿ ವಾಚ್‌ಮನ್ ಅಂತಾನೆ, ಇವತ್ತು ಇಲ್ಲ ಅಂತ ಎಲ್ರಿಗೂ ಮೇಲ್ ಕಳಿಸಿದಾರಲ್ಲಮ್ಮ, ನೋಡ್ಲಿಲ್ವಾ ಅಂತ."

"ನಿಮಗೆ ಬಂದಿತ್ತಾ?" ಎಂದು ನಾನು ಸುಮ್ಮನೆ ಕೇಳಿದೆ.

"ಎಲ್ಲಿ ಬಂತು? ಮೂರು ಜನಕ್ಕೂ ಬಂದಿಲ್ಲ. ಉಳಿದವರಿಗೆಲ್ಲ ಬಂದಿತ್ತಂತೆ."

ತುತ್ತು ಎತ್ತಿದ ಕೈ ಹಾಗೇ ನಿಂತಿತು. ತರಗತಿ ರದ್ದಾಗಿದೆ ಎಂಬ ಮೇಲ್ ಬಂದದ್ದು ಈ ಮೂವರಿಗೆ. ತರಗತಿ ರದ್ದಾಗಿದೆ ಎಂಬ ಮೇಲ್ ಬರದೇ ಹೋದದ್ದೂ ಇದೇ ಮೂವರಿಗೆ. ಅದೇ ಭಾನುವಾರ. ನಮ್ಮ ಶಾಲೆಯ ಹೆಸರು, ಹುಡುಗಿಯರ ವಿಷಯ, ಹೊತ್ತು, ಯಾವುದೂ ಆ ಒಂದೂವರೆ ಸಾಲಿನಲ್ಲಿ ಇರಲಿಲ್ಲ.

ಡಬ್ಬಿ ಮುಚ್ಚಿ ಲ್ಯಾಬಿಗೆ ಓಡಿದೆ. ಸರ್ವರ್ ತಾನು ಯಾರಿಂದ ಏನು ಪಡೆದೆ, ಯಾರಿಗೆ ಕೊಟ್ಟೆ ಎಂದು ಒಂದು ಕಡತದಲ್ಲಿ ತಾನೇ ಬರೆದಿಡುತ್ತದೆ. ಸೋಮವಾರವೇ ನಾನು ತೆರೆಯಬೇಕಾಗಿದ್ದ ಕಡತ ಅದು. ಶನಿವಾರ ಸಾಯಂಕಾಲದ ಸಾಲುಗಳನ್ನು ಒಂದೊಂದಾಗಿ ನೋಡುತ್ತಾ ಬಂದೆ. ಸಿಕ್ಕಿತು. ಆ ಮೇಲನ್ನು ಆಫೀಸಿನ ಕಂಪ್ಯೂಟರಿನಿಂದ ಯಾರೂ ಪಾಸ್‌ವರ್ಡ್ ಹಾಕಿ ಕೊಟ್ಟಿರಲಿಲ್ಲ. ಅದು ಹೊರಗಿನಿಂದ, ಮಲ್ಲೇಶ್ವರದ ಕೇಂದ್ರದ ಸರ್ವರಿನಿಂದ ಬಂದಿತ್ತು. ಮೇಲ್‌ಗೂ ಕಾಗದದ ಹಾಗೆ ಒಂದು ಲಕೋಟೆ ಇರುತ್ತದೆ. ನಮಗೆ ಫೋನಿನಲ್ಲಿ ಕಾಣುವುದು ಒಳಗಿನ ಕಾಗದದ ಮೇಲೆ ಬರೆದ ಹೆಸರು ಮಾತ್ರ, ಲಕೋಟೆಯನ್ನು ನೋಡುವುದು ಸರ್ವರುಗಳು. ಈ ಲಕೋಟೆಯ ಮೇಲೆ ಮಲ್ಲೇಶ್ವರದ ಕೇಂದ್ರದ ವಿಳಾಸ ಸ್ಪಷ್ಟವಾಗಿತ್ತು.

ಕೇಂದ್ರಕ್ಕೆ ಫೋನ್ ಮಾಡಿದೆ. ಫೋನ್ ಎತ್ತಿದ ಹೆಣ್ಣುಮಗಳು ಒಳ್ಳೆಯವಳು, ತಡಕಾಡಿ ನೋಡಿ ಹೇಳಿದಳು. "ಹೌದು ಮೇಡಂ, ನಾವೇ ಕಳಿಸಿದ್ದು. ಹೊಸ ಸಾಫ್ಟ್‌ವೇರು. ಕಳಿಸೋರ ಹೆಸರು ಅಂತ ಇರೋ ಕಡೆ ಬರೀ 'ಆಫೀಸ್' ಅಂತ ಹಾಕಿದೀವಿ. ಏನಾದ್ರೂ ತೊಂದ್ರೆ ಆಯ್ತಾ?"

ಬರೀ 'ಆಫೀಸ್'. ಮುಂದಿನ ಅರ್ಧ ವಿಳಾಸ ಇಲ್ಲ. ಹಾಗಾದರೆ ನಮ್ಮ ಶಾಲೆಯ ವಿಳಾಸವನ್ನು ಅದಕ್ಕೆ ಹಚ್ಚಿದವರು ಯಾರು?

ನಾನು. ನೆನಪಾಗುತ್ತಿದ್ದಂತೆ ಕಿವಿ ಬಿಸಿಯಾಯಿತು. ಐದಾರು ವರ್ಷದ ಹಿಂದೆ ಆಫೀಸಿಗೆ ಒಂದು ಹಳೆಯ ಜೆರಾಕ್ಸ್ ಯಂತ್ರ ದಾನವಾಗಿ ಬಂದಿತ್ತು. ಕಾಗದ ಸ್ಕ್ಯಾನ್ ಮಾಡಿ ಮೇಲ್ ಮಾಡುತ್ತಿತ್ತು, ಆದರೆ ತನ್ನ ಹೆಸರನ್ನು ಅರ್ಧವೇ ಬರೆಯುತ್ತಿತ್ತು. ಅಂಥ ಮೇಲನ್ನು ಹೊರಗಿನ ಎಷ್ಟೋ ಸರ್ವರುಗಳು ತೆಗೆದುಕೊಳ್ಳುತ್ತಿರಲಿಲ್ಲ. ಅರ್ಧ ವಿಳಾಸ ಕಂಡರೆ ಮುಂದೆ ನಮ್ಮ ಶಾಲೆಯ ಹೆಸರು ಸೇರಿಸು ಎಂದು ನಾನು ಸರ್ವರಿಗೆ ಹೇಳಿದ್ದೆ. ಇದನ್ನು ನಮ್ಮ ಯಂತ್ರಗಳು ಕೊಟ್ಟ ಮೇಲ್‌ಗೆ ಮಾತ್ರ ಮಾಡುವಂತೆ ಹೇಳಬಹುದಿತ್ತು. ಅದಕ್ಕೆ ಯಂತ್ರಗಳ ಪಟ್ಟಿ ಬರೆಯಬೇಕು. 'ಎಲ್ಲದಕ್ಕೂ' ಎಂದರೆ ಒಂದೇ ಪದ. ಆ ಒಂದು ಪದ ಬರೆದು, ಜೆರಾಕ್ಸ್ ಯಂತ್ರದ ಮೇಲ್ ಹೋಯಿತೆಂದು ಖುಷಿಪಟ್ಟು, ಮರೆತುಬಿಟ್ಟಿದ್ದೆ. ಹೊರಗಿನವರು ನಮ್ಮ ವಿಳಾಸ ಹಾಕಿಕೊಂಡು ಬಂದರೆ ತಡೆಯುವ ನನ್ನ ವ್ಯವಸ್ಥೆ ಬಾಗಿಲಲ್ಲಿ ಕಾದಿತ್ತು, ನಿಜ. ಆದರೆ ಬಾಗಿಲಿಗೆ ಬಂದಾಗ ಆ ಮೇಲ್‌ನಲ್ಲಿ ನಮ್ಮ ವಿಳಾಸ ಇರಲೇ ಇಲ್ಲ. ಒಳಗೆ ಬಂದ ಮೇಲೆ ನನ್ನ ಸರ್ವರೇ ಅದನ್ನು ಬರೆದಿತ್ತು.

ಮೊದಲು ಬಂದದ್ದು ಸಮಾಧಾನ. ಗುಮಾಸ್ತರು ಕಳಿಸಿಲ್ಲ, ಖಂಡಿತ ಕಳಿಸಿಲ್ಲ. ನಾಚಿಕೆ ಬಂದದ್ದು ಆಮೇಲೆ, ಆಫೀಸಿಗೆ ಇಳಿದು ಹೋಗುವಾಗ ಮೆಟ್ಟಿಲ ಮೇಲೆ. ಗುಮಾಸ್ತರು ಆ ದಿನ ಅರ್ಧ ದಿನ ರಜೆ ಹಾಕಿ ಹೋಗಿದ್ದರು.

ಶಾಲೆ ಬಿಟ್ಟ ಮೇಲೆ ಅವರ ಮನೆಗೇ ಹೋದೆ. ಶಾಲೆಯ ಹಿಂದಿನ ನಾಲ್ಕನೇ ಕ್ರಾಸು, ಕೆಳಗೆ ಬೈಂಡಿಂಗ್ ಅಂಗಡಿ, ಮೇಲೆ ಮನೆ. ಐದೂವರೆ ಇರಬಹುದು. ಅವರು ನಡುಮನೆಯಲ್ಲಿ ಕಂಬಳಿ ಹಾಸಿದ ಮೇಜಿನ ಮುಂದೆ ನಿಂತು ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು.

"ಬನ್ನಿ ಮೇಡಂ, ಕೂತ್ಕೊಳಿ. ಮತ್ತೇನಾದ್ರೂ ಆಯ್ತಾ?"

"ಏನೂ ಆಗಿಲ್ಲ ಸಾರ್. ನೀವು ಆ ಮೇಲ್ ಕಳಿಸಿಲ್ಲ. ಕಳಿಸಿದ್ದು ಮಲ್ಲೇಶ್ವರದವರು. ಅದಕ್ಕೆ ನಿಮ್ಮ ಅಡ್ರೆಸ್ ಹಾಕಿದ್ದು ನನ್ನ ಸರ್ವರು. ತಪ್ಪು ನಂದು."

ಅವರು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟರು. ಎಲ್ಲವನ್ನೂ ಮೊದಲಿಂದ ಹೇಳಿದೆ.

"ಗ್ಯಾರಂಟಿ ತಾನೇ ಮೇಡಂ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

ಕಡತದ ಆ ಸಾಲುಗಳನ್ನು ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಕೊಟ್ಟೆ. ಅದರಲ್ಲಿ ಅವರಿಗೆ ಅರ್ಥವಾಗುವುದು ಕಡಿಮೆ. ಆದರೂ ಬೆರಳಿಟ್ಟು ಮಲ್ಲೇಶ್ವರದ ಕೇಂದ್ರದ ಹೆಸರನ್ನು ಹುಡುಕಿ ಓದಿದರು. ಆಮೇಲೆ ಒಳಗೆ ಅಡುಗೆಮನೆಯ ಕಡೆ ತಿರುಗಿ, "ಏ, ಕೇಳಿಸ್ತೇನೇ? ನಾನ್ ಕಳಿಸಿಲ್ವಂತೆ!" ಎಂದು ಕೂಗಿದರು. ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಶಾಲೆಯಲ್ಲಿ ಎಂದೂ ಕೇಳಿರಲಿಲ್ಲ.

ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಕಣ್ಣು ಆಗಲೇ ತುಂಬಿತ್ತು. "ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಕಣಮ್ಮ ಇವ್ರು. ಇವತ್ತು ಡಾಕ್ಟ್ರ ಹತ್ರ ಹೋಗಿ ಸೋಮವಾರಕ್ಕೆ ಚೀಟಿ ಮಾಡಿಸ್ಕೊಂಡು ಬಂದಿದಾರೆ. ನರದ ಡಾಕ್ಟ್ರು."

ನನಗೆ ಅರ್ಥವಾಗಲಿಲ್ಲ. ಗುಮಾಸ್ತರೇ ಹೇಳಿದರು.

"ನಮ್ಮಣ್ಣನಿಗೆ ಹೀಗೇ ಶುರುವಾಗಿದ್ದು ಮೇಡಂ. ಅಂಗಡಿಲಿ ಒಂದು ಮಾಡೋದು, ಮಾಡಿಲ್ಲ ಅನ್ನೋದು. ನಾವೆಲ್ಲ ಸುಳ್ಳು ಹೇಳ್ತಾನೆ ಅಂತ ಬೈತಿದ್ವಿ. ಆಮೇಲೆ ಗೊತ್ತಾಯ್ತು. ಕೊನೆಗೆ ನನ್ನ ಗುರುತೂ ಹಿಡೀತಿರ್ಲಿಲ್ಲ. ಸೋಮವಾರ ನೀವು 'ಇದು ಆಫೀಸಿಂದೇ' ಅಂದ್ರಲ್ಲ, ನಿಮಗೆ ಗೊತ್ತಿರೋ ವಿಷಯ ಅದು, ನೀವು ಸುಳ್ಳು ಹೇಳಲ್ಲ. ಹಾಗಾದ್ರೆ ನಾನೇ ಕಳಿಸಿ ಮರ್ತಿರ್ಬೇಕು ಅನ್ಕೊಂಡೆ. ರಿಜಿಸ್ಟರ್‌ನಲ್ಲಿ ಬರೆಯೋದೂ ಮರ್ತಿದೀನಿ ಅಂದ್ರೆ ಇನ್ನೇನು ಉಳೀತು ಅಂತ."

ಕಳಿಸಿಲ್ಲ ಎಂದವರು ನೆನಪಿಲ್ಲ ಎಂದು ಬರೆದುಕೊಟ್ಟದ್ದು ಏಕೆಂದು ಆಗ ತಿಳಿಯಿತು. ಸೋಮವಾರದ ಆ ನೋಟವೂ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು.

"ಬಿಡಿ ಮೇಡಂ. ಮೆಮೊ ಕೊಟ್ಟಿದ್ರೂ ತಡ್ಕೋತಿದ್ದೆ. ಇದು ಬೇರೆ ಭಯ. ಅದನ್ನ ನೀವೇ ಬಂದು ಇಳಿಸಿದ್ರಲ್ಲ, ಸಾಕು."

ಅವರ ಹೆಂಡತಿ ಅವಲಕ್ಕಿ ಒಗ್ಗರಣೆ ಹಾಕಿ ತಂದರು. ನನಗಿಂತ ಮೊದಲು ಗುಮಾಸ್ತರು ತಟ್ಟೆ ಖಾಲಿ ಮಾಡಿ ಇನ್ನೊಂದು ಸಲ ಹಾಕಿಸಿಕೊಂಡರು. ನೋಡುತ್ತಾ ಕೂತಿದ್ದ ನನಗೆ ಸೋಮವಾರದಿಂದ ಮೊದಲ ಸಲ ಎದೆ ಹಗುರವಾಯಿತು. ಅಲ್ಲಿಯವರೆಗೆ ಅಲ್ಲಿ ಭಾರವಿತ್ತು ಎಂದೂ ನನಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರಿಗೆ ಸರ್ವರಿನ ವಿಷಯ ಬೇಡ. ಆದರೆ ಕಾಗದದ ವಿಷಯ ಚೆನ್ನಾಗಿ ಗೊತ್ತು.

"ಅಂದ್ರೆ ಯಾರೋ ಹೊರಗಿನವ್ರು ಬರೆದ ಕಾಗದ ನಮ್ಮ ಮೂಲಕ ಹೋಗ್ತಿತ್ತು. ನೀವು ಅದರ ಮೇಲೆ ನಮ್ಮ ಸೀಲ್ ಒತ್ತಿಬಿಟ್ರಿ."

"ಹೌದು ಮೇಡಂ."

"ನಮ್ಮ ಮಕ್ಕಳು ಬರೆದದ್ದನ್ನ ತಿದ್ದೋಣ. ಬೇರೆಯವರ ಮನೆ ಕಾಗದ ನಾವ್ಯಾಕ್ರೀ ತಿದ್ದೋದು?"

ಪುಸ್ತಕಗಳಲ್ಲಿ ಪುಟಗಟ್ಟಲೆ ಓದಿದ್ದನ್ನು ಅವರು ಎರಡು ವಾಕ್ಯದಲ್ಲಿ ಹೇಳಿದ್ದರು. ಡ್ರಾಯರಿನಿಂದ ಗುಮಾಸ್ತರ ವಿವರಣೆಯನ್ನು ತೆಗೆದು, ಅವರನ್ನು ಕರೆಸಿ, ನನ್ನ ಎದುರಿಗೇ ಅವರ ಕೈಗೆ ವಾಪಸ್ ಕೊಟ್ಟರು. "ನಾನು ವಿಚಾರಿಸ್ದೆ ಮಾತಾಡ್ಬಾರ್ದಾಗಿತ್ತು," ಎಂದರು. ಅವರು ಹಾಗೆ ಹೇಳಿದ್ದು ನಾನು ಕಂಡ ಹಾಗೆ ಅದೊಂದೇ ಸಲ. ಗುಮಾಸ್ತರು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಪರವಾಗಿಲ್ಲ ಮೇಡಂ, ನಂಗೇ ನನ್ ಮೇಲೆ ಅನುಮಾನ ಬಂದಿತ್ತು," ಎಂದು ನಕ್ಕರು. ಮೂವರು ಮೇಡಂಗಳು ಮಧ್ಯಾಹ್ನ ಒಟ್ಟಿಗೆ ಆಫೀಸಿಗೆ ಹೋಗಿ ಬಂದರು. ಅಲ್ಲಿ ಏನು ಮಾತಾಡಿದರೋ ನಾನು ಕೇಳಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಸರ್ವರಿನ ಮುಂದೆ ಕೂತೆ. ಗುಮಾಸ್ತರು ತಾವಾಗಿಯೇ ಒಂದು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು. ಎರಡು ಬಾಗಿಲನ್ನು ಬೇರೆ ಬೇರೆ ಮಾಡುವುದೇ ಕೆಲಸ. ಒಂದು ನಮ್ಮವರಿಗೆ. ಪಾಸ್‌ವರ್ಡ್ ಹೇಳಿ ಬರಬೇಕು. ಅಲ್ಲಿ ಕೊಟ್ಟ ಮೇಲ್‌ಗೆ ತಾರೀಖು ಇಲ್ಲದಿದ್ದರೆ ಸರ್ವರ್ ಹಾಕಬಹುದು, ವಿಳಾಸ ಅರ್ಧವಿದ್ದರೆ ತುಂಬಬಹುದು, ಇನ್ನೊಬ್ಬರ ಹೆಸರು ಹಾಕಿಕೊಂಡಿದ್ದರೆ ವಾಪಸ್ ಕೊಡಬಹುದು. ಬರೆದವರು ಯಾರೆಂದು ನಮಗೆ ಗೊತ್ತಲ್ಲ. ಇನ್ನೊಂದು ಬಾಗಿಲು ಹೊರಗಿನ ಸರ್ವರುಗಳಿಗೆ. ಅಲ್ಲಿಂದ ಬಂದದ್ದರ ಮೇಲೆ ಇಂಥ ಹೊತ್ತಿಗೆ ನನ್ನ ಕೈಗೆ ಬಂತು ಎಂಬ ಗುರುತು ಬಿಟ್ಟು ಮತ್ತೊಂದು ಅಕ್ಷರ ಸೇರಿಸಬಾರದು. ಅರ್ಧ ವಿಳಾಸವಿದ್ದರೆ ಅರ್ಧವೇ ಇರಲಿ. ಪಾಸ್‌ವರ್ಡ್ ಹೇಳಲು ಬಾರದ ಜೆರಾಕ್ಸ್ ಯಂತ್ರವನ್ನು ಮಾತ್ರ ನಮ್ಮವರ ಪಟ್ಟಿಯಲ್ಲಿ ಬೇರೆಯಾಗಿ ಬರೆದೆ. ಆ 'ಎಲ್ಲದಕ್ಕೂ' ಎಂಬ ಪದವನ್ನು ಅಳಿಸಿದೆ. ಬದಲಾವಣೆ ಒಟ್ಟು ನಾಲ್ಕು ಸಾಲು.

ಪರೀಕ್ಷೆ ಮಾಡಬೇಕಲ್ಲ. ಮಲ್ಲೇಶ್ವರದ ಆ ಹುಡುಗಿಗೆ ಫೋನ್ ಮಾಡಿ, ಹಳೆಯ ರೀತಿಯಲ್ಲೇ ಒಂದು ಮೇಲ್ ಕಳಿಸಲು ಕೇಳಿಕೊಂಡೆ. ಗುಮಾಸ್ತರು ತಮ್ಮ ಫೋನ್ ಹಿಡಿದು ಕಾದರು. ಎರಡು ನಿಮಿಷಕ್ಕೆ ಬಂತು. ಕಳಿಸಿದವರ ಜಾಗದಲ್ಲಿ ಬರೀ 'ಆಫೀಸ್'. ಮುಂದೆ ಏನೂ ಇಲ್ಲ.

"ಯಾವ ಆಫೀಸು ಅಂತ ಗೊತ್ತಾಗಲ್ವಲ್ಲ ಮೇಡಂ ಇದು," ಎಂದರು.

"ಗೊತ್ತಾಗದೇ ಇರೋದೇ ಸರಿ ಸಾರ್. ಗೊತ್ತಿಲ್ಲದಿದ್ರೆ ಕೇಳ್ತಾರೆ."

ಅವರು ತಲೆಯಾಡಿಸಿದರು. ಆಮೇಲೆ ಕೆಳಗೆ ಹೋಗಿ ಜೆರಾಕ್ಸ್ ಯಂತ್ರದಿಂದ ಒಂದು ಹಾಳೆ ಸ್ಕ್ಯಾನ್ ಮಾಡಿ ಕಳಿಸಿದರು. ಅದು ಪೂರ್ತಿ ವಿಳಾಸದೊಡನೆ ಬಂದು ಸೇರಿತು. ಮಲ್ಲೇಶ್ವರದವರು ತಮ್ಮ ಸಾಫ್ಟ್‌ವೇರಿನಲ್ಲಿ ಹೆಸರನ್ನು ಸರಿಯಾಗಿ ತುಂಬಿಕೊಂಡರು. ನಮ್ಮಲ್ಲಿ, ತರಗತಿ ರದ್ದಾದರೆ ಮೇಲ್ ಜೊತೆಗೆ ಫೋನೂ ಮಾಡಬೇಕು ಎಂದು ಮುಖ್ಯೋಪಾಧ್ಯಾಯಿನಿಯವರು ನಿಯಮ ಮಾಡಿದರು.

ಮಾರನೆಯ ಭಾನುವಾರ ನನ್ನ ಸರದಿ. ಎಂಟೂವರೆಗೆ ಮೊದಲೇ ಹೋದೆ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಬೆಂಚು ತುಂಬಿದರು. ಹಿಂದಿನ ಸಾಲಿನಲ್ಲಿ ಒಬ್ಬಳು, "ಇವತ್ತು ಬರ್ತೀರೋ ಇಲ್ವೋ ಅಂತ ಬೆಟ್ ಕಟ್ಟಿದ್ವಿ ಮಿಸ್," ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಸೂರಗಳ ಪಾಠ ಅರ್ಧಕ್ಕೆ ನಿಂತಿತ್ತು. ಕಿಟಕಿಯ ಬಿಸಿಲಿಗೆ ಒಂದು ಮಸೂರ ಹಿಡಿದು, ಕಾಗದದ ಮೇಲೆ ಬೆಳಕು ಒಂದೇ ಚುಕ್ಕೆಯಾಗುವವರೆಗೆ ಹಿಂದೆ ಮುಂದೆ ಮಾಡಿ ತೋರಿಸಿ, ದೂರ ಅಳೆಯಿರಿ ಎಂದು ಸ್ಕೇಲನ್ನು ಅವರ ಕೈಗೆ ಕೊಟ್ಟೆ.